ಹಳೇ ಸಾಮಾನಿನ ಲಾಟ್ ಕೊಂಡು, ಬೇಕಾದ್ದು ಇಟ್ಟುಕೊಂಡು, ಉಳಿದದ್ದು ಮಾರಿದರೆ: ಇಟ್ಟುಕೊಂಡದ್ದು ನಿಜಕ್ಕೂ ಪುಕ್ಕಟೆಯೇ?

ಇಟ್ಟಿಗೆಪೆಟ್ಟಿಗೆ:

ಹಳೇ ಲೆಗೊ ಲಾಟ್ ಒಂದನ್ನು ತಂದು ನಾಲ್ಕು ತಿಂಗಳಾಯಿತು. ಲೆಗೊ ಅಂದರೆ ಒಂದಕ್ಕೊಂದು ಕೂರಿಸಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಯ ಆಟಿಕೆ, ಲಾಟ್ ಅಂದರೆ ಒಟ್ಟಿಗೆ ಮಾರುವ ರಾಶಿ. ಎರಡು ದೊಡ್ಡ ಡಬ್ಬ, ಸುಮಾರು ಹದಿನಾಲ್ಕು ಕಿಲೋ. ಅದರಲ್ಲಿ ನನಗೆ ಬೇಕಿದ್ದದ್ದು ಒಂದೇ. ಮಾರುವವರು ಹಾಕಿದ್ದ ಫೋಟೋದ ಮೂಲೆಯಲ್ಲಿ ಹಳೇ ಕೋಟೆಯ ಗೋಡೆ ತುಂಡುಗಳು ಇಣುಕುತ್ತಿದ್ದವು, ಪಕ್ಕದಲ್ಲಿ ಎರಡು ಕುದುರೆ. ಬಿಡಿಯಾಗಿ ಕೊಳ್ಳಲು ಹೋದರೆ ಆ ಕೋಟೆ ನನ್ನ ಕೈಗೆ ಎಟುಕುವುದಿಲ್ಲ. ಹಾಗಾಗಿ ಇಡೀ ಲಾಟ್ ಎತ್ತಿಕೊಂಡೆ. ಉಳಿದದ್ದನ್ನು ಆನ್‌ಲೈನ್‌ನಲ್ಲಿ ಮಾರಿ ಹಾಕಿದ ದುಡ್ಡು ವಾಪಸ್ ತೆಗೆಯಬೇಕು, ಕೋಟೆ ನನ್ನ ಹತ್ತಿರ ಉಳಿಯಬೇಕು. ಇಷ್ಟೇ ಯೋಜನೆ.

ಇವತ್ತಿನವರೆಗಿನ ಲೆಕ್ಕ ಹೇಳುತ್ತೇನೆ. ಲಾಟ್‌ಗೆ ಕೊಟ್ಟದ್ದು 100 ಪಾಲು ಅಂತ ಇಟ್ಟುಕೊಳ್ಳಿ. ಅದನ್ನು ತರಿಸಿಕೊಂಡ ಖರ್ಚು, ಜಿಪ್ ಚೀಲ, ರಟ್ಟಿನ ಪೆಟ್ಟಿಗೆ, ಟೇಪು ಎಲ್ಲ ಸೇರಿ ಇನ್ನೊಂದು 12. ಒಟ್ಟು 112. ಬಂದದ್ದು: ಮಿನಿಫಿಗರ್‌ಗಳಿಂದ, ಅಂದರೆ ಲೆಗೊದ ಪುಟ್ಟ ಗೊಂಬೆಗಳಿಂದ 48, ಹೆಚ್ಚುಕಡಿಮೆ ಪೂರ್ತಿಯಾಗಿ ಜೋಡಿಸಿದ ಎರಡು ಸೆಟ್‌ಗಳಿಂದ 35, ಅಪರೂಪದ ಬಿಡಿ ತುಂಡುಗಳಿಂದ 22, ಮಾಮೂಲಿ ಇಟ್ಟಿಗೆಗಳನ್ನು ತೂಕದ ಮೇಲೆ ಮಾರಿ 20. ಒಟ್ಟು 125. ಇದರಲ್ಲಿ ಮಾರಾಟ ತಾಣದ ಕಮಿಷನ್ನು, ಪಾವತಿ ಶುಲ್ಕ ಸೇರಿ 14 ಹೋಯಿತು. ಕೈಗೆ ಬಂದದ್ದು 111. ಇನ್ನೂ ಒಂದು ಪಾಲು ಬಾಕಿ ಇದೆ.

ಆ ಒಂದು ಪಾಲು ಬರುವವರೆಗೆ ಕೋಟೆಯನ್ನು ನಾನು ಮುಟ್ಟುವುದಿಲ್ಲ. ಬೇರೆ ಡಬ್ಬಕ್ಕೆ ಹಾಕಿ, ಮೇಲೆ ಚೀಟಿ ಅಂಟಿಸಿ ಇಟ್ಟಿದ್ದೇನೆ. ದುಡ್ಡು ಪೂರ್ತಿ ವಾಪಸ್ ಬಾರದಿದ್ದರೆ ಅದರಲ್ಲೂ ಒಂದಿಷ್ಟು ಮಾರಾಟಕ್ಕೆ ಹೋಗುತ್ತದೆ. ಈ ಒಂದು ಕಟ್ಟುಪಾಡು ಇಲ್ಲದಿದ್ದಾಗ ಹಿಂದಿನ ಎರಡು ಲಾಟ್‌ಗಳಲ್ಲಿ ನಾನು ಕೈ ಸುಟ್ಟುಕೊಂಡಿದ್ದೆ. ಒಳ್ಳೆಯದೆಲ್ಲ ಮೊದಲ ದಿನವೇ ಕಪಾಟು ಸೇರಿತು. ಮಾರಲು ಉಳಿದದ್ದು ಯಾರಿಗೂ ಬೇಡವಾದ ಬೂದು ಇಟ್ಟಿಗೆ.

ನೀವೆಲ್ಲ ಹೇಗೆ ಮಾಡುತ್ತೀರಿ? ಲೆಗೊನೇ ಆಗಬೇಕಿಲ್ಲ. ಪುಸ್ತಕ, ಕ್ಯಾಮೆರಾ, ಹಳೇ ಉಪಕರಣ, ಯಾವುದಾದರೂ ಸರಿ.

ಹೊಸಬಳು:

ನಾನು ಈ ದಾರಿಗೆ ಈಗಷ್ಟೇ ಬಂದಿದ್ದೇನೆ. ಮನೆಯಲ್ಲಿ ಇಂಥದ್ದೇ ಒಂದು ಡಬ್ಬ ಇದೆ, ತೆರೆದರೆ ತಲೆ ತಿರುಗುತ್ತದೆ. ಹದಿನಾಲ್ಕು ಕಿಲೋ ವಿಂಗಡಿಸುವುದು ಎಲ್ಲಿಂದ ಶುರು ಮಾಡಬೇಕು? ನಾನು ಬಣ್ಣದ ಪ್ರಕಾರ ಬೇರೆ ಮಾಡುತ್ತಾ ಕೂತಿದ್ದೇನೆ.

ಇಟ್ಟಿಗೆಪೆಟ್ಟಿಗೆ:

ಬಣ್ಣದ ಪ್ರಕಾರ ಬೇಡ, ದಯವಿಟ್ಟು ನಿಲ್ಲಿಸಿ. ಎಲ್ಲರೂ ಮೊದಲು ಮಾಡುವುದು ಅದನ್ನೇ, ನಾನೂ ಮಾಡಿದ್ದೆ. ಕೆಂಪು ತುಂಡುಗಳ ರಾಶಿಯಲ್ಲಿ ಕೆಂಪು ಕೀಲು ಒಂದನ್ನು ಹುಡುಕಿ ನೋಡಿ, ಕಣ್ಣು ಸೋಲುತ್ತದೆ. ಅದೇ ಕೀಲುಗಳ ರಾಶಿಯಲ್ಲಿ ಕೆಂಪು ಕೀಲು ತಟ್ಟನೆ ಸಿಗುತ್ತದೆ. ಆಕಾರ ಮೊದಲು, ಬಣ್ಣ ಆಮೇಲೆ.

ನಾನು ಹಳೇ ಬೆಡ್‌ಶೀಟ್ ಹಾಸಿ ಒಂದು ಬೊಗಸೆ ಸುರಿಯುತ್ತೇನೆ. ಒಂದೇ ಬೊಗಸೆ, ಜಾಸ್ತಿ ಇಲ್ಲ. ಮೊದಲ ಸುತ್ತಿನಲ್ಲಿ ಕೈ ಹಾಕುವುದು ಮಿನಿಫಿಗರ್‌ಗೆ ಮಾತ್ರ: ತಲೆ, ಕಾಲು, ಕೂದಲು, ಕೈಯಲ್ಲಿ ಹಿಡಿಯುವ ಕತ್ತಿ, ಗುರಾಣಿ. ದುಡ್ಡಿನ ದೊಡ್ಡ ಪಾಲು ಅಲ್ಲೇ ಇರುತ್ತದೆ. ಎರಡನೇ ಸುತ್ತಿನಲ್ಲಿ ಚಿತ್ರ ಅಚ್ಚಾದ ತುಂಡುಗಳು, ಪಾರದರ್ಶಕ ಗಾಜಿನಂಥವು, ಗಿಡ, ಪ್ರಾಣಿ, ಚಕ್ರ. ಮೂರನೆಯದರಲ್ಲಿ ಉಳಿದ ಇಟ್ಟಿಗೆ. ಪ್ರತಿ ಇಟ್ಟಿಗೆಯ ತಲೆಯ ಮೇಲಿನ ಗುಂಡು ಉಬ್ಬು ಇದೆಯಲ್ಲ, ಸ್ಟಡ್ ಅನ್ನುತ್ತಾರೆ, ಅದರ ಮೇಲೆ ಲೆಗೊ ಅಂತ ಅಚ್ಚಿರಬೇಕು. ಇಲ್ಲದಿದ್ದರೆ ಅದು ಬೇರೆ ಕಂಪನಿಯದು. ಅದನ್ನು ಪಕ್ಕಕ್ಕಿಡಿ. ಅಸಲಿ ಜೊತೆ ಬೆರೆಸಿ ಮಾರಬೇಡಿ.

ಇನ್ನೊಂದು ವಿಷಯ. ಇಟ್ಟಿಗೆಯ ಒಳಮೈಯಲ್ಲಿ ಸಣ್ಣ ನಂಬರ್ ಇರುತ್ತದೆ. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಸ್ಟಡ್ ಇರುವ ಮಾಮೂಲಿ ಇಟ್ಟಿಗೆ ಅಂದರೆ 3001. ಅದನ್ನು ಬ್ರಿಕ್‌ಲಿಂಕ್ ಅನ್ನುವ ಲೆಗೊ ಮಾರಾಟ ತಾಣದಲ್ಲಿ ಹಾಕಿದರೆ ಕಳೆದ ಆರು ತಿಂಗಳಲ್ಲಿ ಎಷ್ಟಕ್ಕೆ ಮಾರಾಟವಾಗಿದೆ ಅಂತ ತೋರಿಸುತ್ತದೆ. 2000ದಲ್ಲಿ ಅಭಿಮಾನಿಯೊಬ್ಬರು ಶುರು ಮಾಡಿದ ತಾಣ ಅದು, 2019ರಲ್ಲಿ ಲೆಗೊ ಕಂಪನಿಯೇ ಕೊಂಡುಕೊಂಡಿತು. ಜನ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಕೇಳುವುದಕ್ಕೆ ಯಾರು ಎಷ್ಟು ಬೇಕಾದರೂ ಕೇಳಬಹುದು ಅಲ್ವಾ.

ಹಳೆಗಾಜು:

ನಾನು ಹಳೇ ಕ್ಯಾಮೆರಾ ಲಾಟ್‌ಗಳಲ್ಲಿ ಇದನ್ನೇ ಮಾಡುತ್ತಾ ಬಂದಿದ್ದೇನೆ. ನನಗೆ ಬೇಕಾದದ್ದು ಲೆನ್ಸ್. ಆದರೆ ಲಾಟ್‌ನಲ್ಲಿ ಲೆನ್ಸ್ ಜೊತೆ ಮೂರು ಕೆಟ್ಟ ಕ್ಯಾಮೆರಾ, ಹರಿದ ಚೀಲ, ಫ್ಲ್ಯಾಶು, ಟ್ರೈಪಾಡು ಎಲ್ಲ ಬರುತ್ತದೆ. ಅವನ್ನೆಲ್ಲ ಮಾರಿ ಸೂಪರ್ ಟಕುಮಾರ್ 50 ಎಂಎಂ ಅನ್ನುವ ಹಳೇ ಲೆನ್ಸ್ ಒಂದನ್ನು ಉಳಿಸಿಕೊಂಡೆ. ನನ್ನ ಪಾಲಿಗೆ ಅದು ಪೂರ್ತಿ ಪುಕ್ಕಟೆ.

ಲೆನ್ಸ್ ಬಂದ ದಿನ ನಾನು ಮಾಡುವ ಮೊದಲ ಕೆಲಸ ಹೇಳುತ್ತೇನೆ. ಕೋಣೆಯ ದೀಪ ಆರಿಸಿ, ಹಿಂದಿನಿಂದ ಸಣ್ಣ ಟಾರ್ಚ್ ಬಿಟ್ಟು, ಅಪರ್ಚರ್ ಅನ್ನುವ, ಬೆಳಕು ಹಾಯುವ ಕಿಂಡಿಯನ್ನು ಪೂರ್ತಿ ತೆರೆದು, ಮುಂದಿನಿಂದ ಓರೆಯಾಗಿ ನೋಡುತ್ತೇನೆ. ಹಗಲಿನಲ್ಲಿ ಫಳಫಳ ಅನ್ನುವ ಗಾಜು ಈಗ ತನ್ನ ಕಥೆ ಹೇಳುತ್ತದೆ. ಅಂಚಿನಿಂದ ನಡುವಿಗೆ ಜೇಡರ ಬಲೆಯ ಎಳೆಯಂಥದ್ದು ಹಬ್ಬಿದ್ದರೆ ಅದು ಬೂಷ್ಟು, ಫಂಗಸ್. ಎಲ್ಲ ಕಡೆ ಮಂಜು ಕವಿದಂತಿದ್ದರೆ ಹೇಜ್. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಮಿನುಗುತ್ತಿದ್ದರೆ ಅವು ಸರಿಯಾಗಿ ಮುಚ್ಚುವುದಿಲ್ಲ. ಬೂಷ್ಟು ಇದ್ದದ್ದನ್ನು ಉಳಿದ ಲೆನ್ಸ್‌ಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡುವುದಿಲ್ಲ.

ಈ ಟಕುಮಾರ್ ಬಗ್ಗೆ ಒಂದು ಮಾತು. ಅದರ 50 ಎಂಎಂ ಎಫ್ 1.4ರಲ್ಲಿ ಥೋರಿಯಂ ಬೆರೆಸಿದ ಗಾಜು ಇರುವ ಮಾದರಿ ಇದೆ. ವರ್ಷಗಳು ಕಳೆದಂತೆ ಅದು ಕಂದು ಹಳದಿಗೆ ತಿರುಗುತ್ತದೆ. ಅಲ್ಟ್ರಾವಯಲೆಟ್ ಬೆಳಕಿನ ಕೆಳಗೆ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಇಟ್ಟರೆ ಬಣ್ಣ ಬಹುಮಟ್ಟಿಗೆ ಹೋಗುತ್ತದೆ. ಬಿಸಿಲಿಗೆ ಮಾತ್ರ ಸುಮ್ನೆ ಕಿಟಕಿಯಲ್ಲಿಟ್ಟು ಹೋಗಬೇಡಿ. ಲೆನ್ಸ್ ಬಿಸಿಲನ್ನು ಒಂದೇ ಬಿಂದುವಿಗೆ ಕೂಡಿಸುತ್ತದೆ, ಬೆಂಕಿ ಹೊತ್ತಿಕೊಳ್ಳಬಹುದು. ಮತ್ತೆ, ಅಂಥ ಗಾಜು ಸ್ವಲ್ಪ ಮಟ್ಟಿಗೆ ವಿಕಿರಣ ಸೂಸುತ್ತದೆ. ಮಾರುವಾಗ ಅದನ್ನು ಬರೆಯಲೇಬೇಕು. ಕೊಳ್ಳುವವರು ತಿಳಿದು ಕೊಳ್ಳಲಿ.

ಕ್ಯಾಮೆರಾಗಳಲ್ಲಿ ಹಿಂಬಾಗಿಲ ಸುತ್ತಲಿನ ಫೋಮ್ ಕರಗಿ ಟಾರಿನ ಹಾಗೆ ಅಂಟಂಟಾಗಿರುತ್ತದೆ, ಅದನ್ನು ನೋಡಿ. ಬೆಳಕು ಅಳೆಯುವ ಮೀಟರ್ ಕೆಲಸ ಮಾಡದಿದ್ದರೆ ಕೆಟ್ಟಿದೆ ಅಂತ ಬರೆಯಲು ಆತುರ ಬೇಡ. 1960ರ ದಶಕದ ಬಹಳ ಮಾದರಿಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿದವು. ಆ ಬ್ಯಾಟರಿ ಈಗ ತಯಾರಾಗುವುದಿಲ್ಲ. ಅಡಾಪ್ಟರ್ ಜೊತೆ ಜಿಂಕ್ ಏರ್ ಬ್ಯಾಟರಿ ಹಾಕಿದರೆ ಎಷ್ಟೋ ಮೀಟರ್ ಎದ್ದು ಕೂರುತ್ತವೆ. ಕೆಟ್ಟದ್ದು ಅಂತ ಮಾರಲು ಹೊರಟಿದ್ದ ಒಂದು ಕ್ಯಾಮೆರಾ ಹೀಗೆ ಓಡತೊಡಗಿ, ಇಡೀ ಲಾಟ್‌ನ ಅರ್ಧ ದುಡ್ಡು ಅದೊಂದರಿಂದಲೇ ಬಂತು.

ಲೆಕ್ಕದಪುಸ್ತಕ:

ನಾನು ಇಬ್ಬರಿಗೂ ಒಂದು ಪ್ರಶ್ನೆ ಕೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಇಟ್ಟಿಗೆಪೆಟ್ಟಿಗೆ, ನಿಮ್ಮ ಕೋಟೆಯನ್ನು ಮಾರಿದರೆ ಎಷ್ಟು ಬರುತ್ತದೆ? 30 ಪಾಲು ಅಂತ ಇಟ್ಟುಕೊಳ್ಳೋಣ. ಹಾಗಾದರೆ ಅದನ್ನು ಇಟ್ಟುಕೊಳ್ಳುವುದು ಅಂದರೆ ಕೈಗೆ ಬರಬಹುದಾದ 30 ಪಾಲನ್ನು ಬಿಟ್ಟುಕೊಡುವುದು. ಅದು ಪುಕ್ಕಟೆ ಹೇಗಾಯಿತು? ಜೊತೆಗೆ ನಾಲ್ಕು ತಿಂಗಳ ಸಂಜೆಗಳು. ವಿಂಗಡಿಸುವುದು, ತೊಳೆಯುವುದು, ಫೋಟೋ, ಬರಹ, ಪ್ಯಾಕಿಂಗ್, ಪಾರ್ಸೆಲ್ ಕೊಡಲು ಓಡಾಟ. ಒಂದು ಗಂಟೆಗೆ ಇಷ್ಟು ಅಂತ ಹಾಕಿದರೆ ನಿಮ್ಮ 112 ಎಲ್ಲಿಗೆ ಹೋಗುತ್ತದೆ? ನಾನು ಎರಡು ಲಾಟ್ ಮಾಡಿ ಬಿಟ್ಟುಬಿಟ್ಟೆ. ಗಂಟೆ ಲೆಕ್ಕ ಹಾಕಿದ ಮೇಲೆ, ಬೇಕಾದ ವಸ್ತುವನ್ನು ನೇರವಾಗಿ ಕೊಂಡಿದ್ದರೇ ಅಗ್ಗವಾಗುತ್ತಿತ್ತು.

ಇಟ್ಟಿಗೆಪೆಟ್ಟಿಗೆ:

ಬೇಜಾರೇನೂ ಇಲ್ಲ. ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

30 ಪಾಲಿನ ಮಾತು ನಿಜ. ಒಪ್ಪುತ್ತೇನೆ. ವ್ಯಾಪಾರಿಯ ಕಣ್ಣಿನಲ್ಲಿ ನೋಡಿದರೆ ಕೋಟೆ ಪುಕ್ಕಟೆಯಲ್ಲ, ಅದು ನನ್ನ ಲಾಭ. ನಾನು ಲಾಭವನ್ನು ದುಡ್ಡಿನ ಬದಲು ಕೋಟೆಯ ರೂಪದಲ್ಲಿ ತೆಗೆದುಕೊಂಡಿದ್ದೇನೆ. ನಾನು ಪುಕ್ಕಟೆ ಅನ್ನುವುದು ಬೇರೆ ಅರ್ಥದಲ್ಲಿ. ಮನೆ ಖರ್ಚಿನ ದುಡ್ಡಿನಿಂದ ಈ ಹವ್ಯಾಸಕ್ಕೆ ಒಂದು ಕಾಸೂ ಹೋಗಬಾರದು. ಹೋದದ್ದು ವಾಪಸ್ ಬರಬೇಕು. ಮನೆಯಲ್ಲಿ ಹಾಗೆ ಮಾತು ಕೊಟ್ಟಿದ್ದೇನೆ. 30 ಪಾಲು ನಗದು ಕೈಯಲ್ಲಿದ್ದರೆ ಅದು ಕೋಟೆಗೆ ಹೋಗುತ್ತಿರಲಿಲ್ಲ. ಇನ್ನಾವುದೋ ಅವಸರದ ಖರ್ಚಿಗೆ ಹೋಗುತ್ತಿತ್ತು. ಅದಕ್ಕೇ ಈ ದಾರಿ ಹಿಡಿದೆ.

ಗಂಟೆಯ ಲೆಕ್ಕಕ್ಕೆ ಬಂದರೆ, ವಿಂಗಡಿಸುವುದು ನನಗೆ ಕೂಲಿ ಕೆಲಸವಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬೆಡ್‌ಶೀಟಿನ ಮುಂದೆ ಕೂತು, ಬೆರಳ ತುದಿಯಲ್ಲಿ ಒಂದೊಂದೇ ತುಂಡು ತಿರುಗಿಸುವಾಗ ದಿನದ ದಣಿವು ಇಳಿಯುತ್ತದೆ. ಅದು ಇಷ್ಟವಿಲ್ಲದವರಿಗೆ ಈ ದಾರಿ ಬೇಡ, ಅದು ನೂರಕ್ಕೆ ನೂರು ನಿಜ. ಆದರೆ ಪ್ಯಾಕಿಂಗ್ ಮತ್ತು ಪಾರ್ಸೆಲ್ ನನಗೂ ಕೂಲಿಯೇ. ಅದಕ್ಕೆ ಈಗ ಒಂದು ಕೆಳಗಿನ ಮಿತಿ ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಕಡಿಮೆ ಬೆಲೆಯ ತುಂಡನ್ನು ಒಂಟಿಯಾಗಿ ಮಾರುವುದಿಲ್ಲ, ಹತ್ತು ಸೇರಿಸಿ ಒಂದು ಚೀಲ ಮಾಡುತ್ತೇನೆ.

ಪುಟಮಡಿಕೆ:

ಪುಸ್ತಕದಲ್ಲಿ ಈ ಮಿತಿ ಇನ್ನೂ ಗಟ್ಟಿಯಾಗಿರಬೇಕು. ಪುಸ್ತಕ ಭಾರ. ಕಳಿಸುವ ಖರ್ಚೇ ಎಷ್ಟೋ ಸಲ ಪುಸ್ತಕದ ಬೆಲೆ ದಾಟುತ್ತದೆ. ನಾನು ಲಾಟ್ ತಂದ ದಿನವೇ ಮೂರು ರಾಶಿ ಮಾಡುತ್ತೇನೆ: ಒಂಟಿಯಾಗಿ ಮಾರುವುದು, ಒಂದೇ ವಿಷಯದ್ದನ್ನು ಕಟ್ಟಾಗಿ ಮಾರುವುದು, ದಾನಕ್ಕೆ ಕೊಡುವುದು. ಮೂರನೆಯದು ಯಾವಾಗಲೂ ದೊಡ್ಡದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಲಾಟ್ ಕೊಳ್ಳಬೇಕು.

ಪುಸ್ತಕದ ಗುರುತಿನ ನಂಬರ್, ಐಎಸ್‌ಬಿಎನ್, ಹಾಕಿದರೆ ಬೆಲೆ ತಕ್ಷಣ ಸಿಗುತ್ತದೆ. 2007ರಿಂದ ಅದು 13 ಅಂಕಿ, ಅದಕ್ಕೂ ಮೊದಲು 10. 1970ಕ್ಕಿಂತ ಹಳೆಯ ಪುಸ್ತಕಗಳಿಗೆ ಆ ನಂಬರೇ ಇರುವುದಿಲ್ಲ, ಅಲ್ಲಿ ನಿಧಾನವಾಗಿ ನೋಡಬೇಕು. ನಾನು ಇಟ್ಟುಕೊಳ್ಳುವವು ಬಹುತೇಕ ಆ ರಾಶಿಯವೇ. ಮಾರುವಾಗ ಗ್ರಂಥಾಲಯದ ಮುದ್ರೆ, ಹೆಸರು ಬರೆದ ಪುಟ, ಕಂದು ಚುಕ್ಕೆ, ಮುಗ್ಗಲು ವಾಸನೆ ಎಲ್ಲ ಬರೆಯುತ್ತೇನೆ. ವಾಸನೆ ಫೋಟೋದಲ್ಲಿ ಬರುವುದಿಲ್ಲ, ಅದಕ್ಕೇ ಬರೆಯಬೇಕು.

ಎರಡನೇಕೈ:

ನಾನು ಈ ಕಥೆಯ ಇನ್ನೊಂದು ತುದಿಯಲ್ಲಿರುವವನು. ನೀವು ಉಳಿದದ್ದು ಅಂತ ಮಾರುತ್ತೀರಲ್ಲ, ಅದನ್ನು ಕೊಳ್ಳುವವನು.

ಹೋದ ವರ್ಷ ಒಬ್ಬರಿಂದ ಐದು ಕಿಲೋ ಲೆಗೊ ತರಿಸಿದೆ. ವಿವರದಲ್ಲಿ ‘ಅಟ್ಟದಿಂದ ಇಳಿಸಿದ ಹಾಗೇ ಇದೆ, ವಿಂಗಡಿಸಿಲ್ಲ’ ಅಂತ ಬರೆದಿದ್ದರು. ಮಗಳ ಜೊತೆ ಕೂತು ತೆರೆದೆ. ಒಂದು ಮಿನಿಫಿಗರ್ ಇಲ್ಲ. ಒಂದು ತಲೆ ಇಲ್ಲ, ಒಂದು ಟೋಪಿ ಇಲ್ಲ. ಚಕ್ರಗಳಿವೆ, ಟೈರ್ ಇಲ್ಲ. ಐದು ಕಿಲೋದಲ್ಲಿ ಒಂದೂ ಗೊಂಬೆ ಇಲ್ಲದಿರುವುದು ತಾನಾಗಿ ಆಗುವ ಮಾತಲ್ಲ. ಮಗಳು ತಳದವರೆಗೂ ಕೈ ಹಾಕಿ ಹುಡುಕಿ, ಆಮೇಲೆ ಸುಮ್ಮನೆ ಎದ್ದು ಹೋದಳು. ದುಡ್ಡಿಗಿಂತ ಅದು ನನಗೆ ಜಾಸ್ತಿ ನೋವು ಕೊಟ್ಟಿತು.

ನಿಮಗೆ ಬೇಕಾದದ್ದು ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ. ಇಟ್ಟುಕೊಂಡಿದ್ದೇನೆ ಅಂತ ಹೇಳಿ. ಅಷ್ಟೇ ಕೇಳುವುದು.

ಇಟ್ಟಿಗೆಪೆಟ್ಟಿಗೆ:

ಇದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಈ ಇಡೀ ಪದ್ಧತಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಮೊದಲ ಬರಹದಲ್ಲೇ ಹೇಳಬೇಕಿತ್ತು.

ಆರಿಸಿ ತೆಗೆದ ಮೇಲೆ ಉಳಿದದ್ದು ಬೇರೆ ವಸ್ತು. ಅದಕ್ಕೆ ಬೇರೆ ಬೆಲೆ, ಬೇರೆ ವಿವರ. ನಾನು ತೂಕದ ಮೇಲೆ ಮಾರುವಾಗ ಮೊದಲ ಸಾಲಿನಲ್ಲೇ ಬರೆಯುತ್ತೇನೆ: ‘ಗೊಂಬೆಗಳನ್ನೂ ಅಪರೂಪದ ತುಂಡುಗಳನ್ನೂ ತೆಗೆದಿದ್ದೇನೆ. ಇದರಲ್ಲಿ ಮಾಮೂಲಿ ಇಟ್ಟಿಗೆ ಮಾತ್ರ ಇದೆ. ಕಟ್ಟುವವರಿಗೆ ಒಳ್ಳೆಯದು, ಹುಡುಕುವವರಿಗೆ ಅಲ್ಲ.’ ಹೀಗೆ ಬರೆದರೆ ಬೆಲೆ ಇಳಿಯುತ್ತದೆ, ಹೌದು. ಆದರೆ ಕೊಂಡವರು ಮತ್ತೆ ಬರುತ್ತಾರೆ. ಆ 20 ಪಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬರೇ ಮೂರು ಸಲ ಕೊಂಡದ್ದು.

ಒಂದು ಸಲ ನನ್ನಿಂದಲೂ ತಪ್ಪಾಗಿದೆ. ಪೂರ್ತಿ ಅಂತ ಮಾರಿದ ಸೆಟ್‌ನಲ್ಲಿ ಒಂದು ಬೂದು ತುಂಡು ಬೇರೆ ಬೂದು ಬಣ್ಣದ್ದಾಗಿತ್ತು. 2004ರ ಸುಮಾರಿಗೆ ಲೆಗೊ ತನ್ನ ಬೂದು ಬಣ್ಣಗಳನ್ನು ಬದಲಿಸಿತು, ಹೊಸದರಲ್ಲಿ ಸ್ವಲ್ಪ ನೀಲಿ ಛಾಯೆ ಇದೆ. ರಾತ್ರಿ ಬಲ್ಬಿನ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕೊಂಡವರು ಹಗಲಿನಲ್ಲಿ ಫೋಟೋ ತೆಗೆದು ಕಳಿಸಿದರು. ಸರಿಯಾದ ತುಂಡು ಹುಡುಕಿ ಕಳಿಸಿದೆ, ಒಂದಿಷ್ಟು ದುಡ್ಡೂ ವಾಪಸ್ ಕೊಟ್ಟೆ. ಅಂದಿನಿಂದ ಬೂದು ಬಣ್ಣವನ್ನು ಕಿಟಕಿ ಪಕ್ಕದಲ್ಲಿ ಹಗಲು ಹೊತ್ತು ಮಾತ್ರ ನೋಡುತ್ತೇನೆ.

ಹಳೆಗಾಜು:

ಎರಡನೇಕೈ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ಕೆಟ್ಟದ್ದನ್ನು ಕೆಟ್ಟದ್ದು ಅಂತ ಬರೆದರೆ ಮಾರಾಟವಾಗುವುದಿಲ್ಲ ಅನ್ನುವ ಭಯ ಬಹಳ ಜನರಿಗೆ ಇದೆ. ಅದು ಸುಳ್ಳು. ಈಬೇ ಅನ್ನುವ ಆನ್‌ಲೈನ್ ಮಾರಾಟ ತಾಣ 1995ರಲ್ಲಿ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದದ್ದೇ ಒಂದು ಕೆಟ್ಟ ಲೇಸರ್ ಪಾಯಿಂಟರ್. ಕೆಟ್ಟಿದೆ ಅಂತ ತಿಳಿದೇ ಕೊಂಡರು. ಬೂಷ್ಟು ಹಿಡಿದ ಲೆನ್ಸನ್ನು ಬಿಡಿಭಾಗಕ್ಕೆ ಅಂತ ಹಾಕಿ ನೋಡಿ, ರಿಪೇರಿ ಮಾಡುವವರು ಹುಡುಕಿಕೊಂಡು ಬರುತ್ತಾರೆ. ಅವರಿಗೆ ಬೇಕಾಗಿರುವುದು ಒಳಗಿನ ಒಂದು ಉಂಗುರ, ಒಂದು ಸ್ಕ್ರೂ.

ಲೆಕ್ಕದಪುಸ್ತಕ:

ಮಾರುವ ಕಡೆಯ ಪ್ರಾಮಾಣಿಕತೆ ಸರಿ. ಕೊಳ್ಳುವ ಕಡೆ? ಲಾಟ್ ಮಾರುವವರಿಗೆ ಅದರಲ್ಲೇನಿದೆ ಅಂತ ಗೊತ್ತಿರುವುದಿಲ್ಲ. ನಿಮಗೆ ಫೋಟೋದ ಮೂಲೆಯಲ್ಲಿ ಕೋಟೆ ಕಂಡಿತ್ತು. ಹೇಳಿದಿರಾ?

ಇಟ್ಟಿಗೆಪೆಟ್ಟಿಗೆ:

ಹೇಳಿದೆ. ‘ಇದರಲ್ಲಿ ಹಳೇ ಕೋಟೆಯ ತುಂಡುಗಳಿವೆ, ನನಗೆ ಬೇಕಿರುವುದು ಅವೇ, ಉಳಿದದ್ದನ್ನು ಮಾರುತ್ತೇನೆ’ ಅಂತ ಮೊದಲ ಮೆಸೇಜಿನಲ್ಲೇ ಬರೆದೆ. ಅವರಿಗೆ ಮನೆ ಖಾಲಿ ಮಾಡುವ ಅವಸರ ಇತ್ತು, ವಿಂಗಡಿಸಲು ಪುರುಸೊತ್ತು ಇರಲಿಲ್ಲ. ಕೇಳಿದ ಬೆಲೆಗೆ ಚೌಕಾಸಿ ಮಾಡಲಿಲ್ಲ. ನಾಲ್ಕು ತಿಂಗಳ ಕೆಲಸ ನನ್ನದು, ಒಂದು ಸಂಜೆಯಲ್ಲಿ ಮನೆ ಖಾಲಿಯಾದದ್ದು ಅವರದು. ಅದರಲ್ಲಿ ಅನ್ಯಾಯ ನನಗೆ ಕಾಣುವುದಿಲ್ಲ. ಆದರೆ ಬಾಯಿ ಮುಚ್ಚಿಕೊಂಡು ತಂದಿದ್ದರೆ ಕೋಟೆ ನೋಡಿದಾಗಲೆಲ್ಲ ಅದು ಚುಚ್ಚುತ್ತಿತ್ತು.

ಲೆಕ್ಕದಪುಸ್ತಕ:

ಸರಿ. ಈ ಉತ್ತರ ನನಗೆ ಒಪ್ಪಿಗೆ. ಗಂಟೆಯ ವಿಷಯದಲ್ಲಿ ಮಾತ್ರ ನಾನು ನನ್ನ ಮಾತಿಗೇ ಅಂಟಿಕೊಳ್ಳುತ್ತೇನೆ. ಇನ್ನೊಂದು: ಇದು ಹವ್ಯಾಸದ ಮಟ್ಟ ದಾಟಿ ನಿತ್ಯದ ಮಾರಾಟವಾದರೆ ತೆರಿಗೆಯ ನಿಯಮ ಅನ್ವಯಿಸಬಹುದು. ನಿಮ್ಮ ನಿಮ್ಮ ಊರಿನ ನಿಯಮ ನೋಡಿಕೊಳ್ಳಿ, ಕೊಂಡದ್ದರ ಮತ್ತು ಮಾರಿದ್ದರ ಲೆಕ್ಕ ದಿನಾಂಕ ಸಮೇತ ಬರೆದಿಡಿ.

ಹೊಸಬಳು:

ನಾನು ಎರಡು ಬೊಗಸೆ ಮುಗಿಸಿದೆ! ಆಕಾರದ ಪ್ರಕಾರ. ಇಷ್ಟು ಬೇಗ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಹನ್ನೊಂದು ಗೊಂಬೆಗಳು ಸಿಕ್ಕಿವೆ. ಎಲ್ಲದರ ಮುಖ ಒಂದೇ, ಎರಡು ಕಪ್ಪು ಚುಕ್ಕೆ, ಒಂದು ನಗು. ಇವು ಹಳೆಯವೇ? ಮತ್ತೆ ತೊಳೆಯುವುದು ಹೇಗೆ? ವಾಷಿಂಗ್ ಮೆಷಿನ್‌ಗೆ ಹಾಕಬಹುದಾ?

ಇಟ್ಟಿಗೆಪೆಟ್ಟಿಗೆ:

ಕೈ ಕಾಲು ಆಡುವ ಮಿನಿಫಿಗರ್ ಬಂದದ್ದು 1978ರಲ್ಲಿ. ಮೊದಲ ಹನ್ನೊಂದು ವರ್ಷ ಎಲ್ಲರಿಗೂ ಇದೇ ನಗುಮುಖ. 1989ರಲ್ಲಿ ಕಡಲ್ಗಳ್ಳರ ಸೆಟ್ ಬಂದ ಮೇಲೆ ಗಡ್ಡ, ಕಣ್ಣುಪಟ್ಟಿ, ಬೇರೆ ಬೇರೆ ಮುಖ ಶುರುವಾಯಿತು. ಆಮೇಲೂ ನಗುಮುಖ ಮಾಡಿದ್ದಾರೆ, ಹಾಗಾಗಿ ಮುಖವೊಂದನ್ನೇ ನೋಡಿ ತೀರ್ಮಾನ ಬೇಡ. ಎದೆಯ ಮೇಲಿನ ಚಿತ್ರ ನೋಡಿ, ಅದು ಎಷ್ಟು ಸವೆದಿದೆ ನೋಡಿ. ಕೈಗಳು ಸೀಳಿವೆಯೇ ಅಂತ ಉಗುರಿನಿಂದ ಮೆಲ್ಲಗೆ ತಡವಿ ನೋಡಿ.

ಮೆಷಿನ್ ಬೇಡ. ಉಗುರುಬೆಚ್ಚಗಿನ ನೀರು, 40 ಡಿಗ್ರಿ ದಾಟಬಾರದು, ಅದರಲ್ಲಿ ಸ್ವಲ್ಪ ಪಾತ್ರೆ ತೊಳೆಯುವ ದ್ರವ. ಅರ್ಧ ಗಂಟೆ ನೆನೆಸಿ, ಕೈಯಿಂದ ಕಲಕಿ, ಜಾಲರಿಯಲ್ಲಿ ಸೋಸಿ, ಟವಲ್ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ. ಸ್ಟಿಕ್ಕರ್ ಅಂಟಿದ ತುಂಡು, ಮೋಟರ್, ಬ್ಯಾಟರಿ ಡಬ್ಬ ಇವನ್ನು ನೀರಿಗೆ ಹಾಕಬೇಡಿ. ಹಳದಿಗಟ್ಟಿದ ಬಿಳಿ ಇಟ್ಟಿಗೆಯನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿಟ್ಟು ಬಿಸಿಲು ತೋರಿಸಿ ಬಿಳಿ ಮಾಡುವವರಿದ್ದಾರೆ. ಕಾಲ ಕಳೆದಂತೆ ಅದು ಮತ್ತೆ ಹಳದಿಯಾಗಬಹುದು. ಮಾಡಿದ್ದರೆ ಮಾರುವಾಗ ಬರೆಯಿರಿ.

ತೀರಾ ಹಳೇ ತುಂಡು ಸಿಕ್ಕರೂ ಹೆದರಬೇಡಿ, ಜೋಡಿಸಿ ನೋಡಿ. 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಇಟ್ಟಿಗೆ ಇವತ್ತಿನದಕ್ಕೂ ಕೂರುತ್ತದೆ. 1963ಕ್ಕೂ ಮೊದಲಿನವು ಬೇರೆ ಪ್ಲಾಸ್ಟಿಕ್, ಸೊಟ್ಟಗಾಗಿರಬಹುದು, ಅಷ್ಟೇ.

ಇಟ್ಟಿಗೆಪೆಟ್ಟಿಗೆ:

ಒಂದು ಸುದ್ದಿ. ನಿನ್ನೆ ಟೈರ್ ಮತ್ತು ಚಕ್ರದ ಅಚ್ಚುಗಳ ಚೀಲ ಮಾರಾಟವಾಯಿತು. ಕಮಿಷನ್ ಕಳೆದು ಎರಡು ಪಾಲು. 113 ಆಯಿತು. ಹಾಕಿದ್ದು 112.

ರಾತ್ರಿ ಚೀಟಿ ಕಿತ್ತು ಡಬ್ಬ ತೆರೆದೆ. ತಳದ ಹಾಸು ಹಾಕಿ ನಾಲ್ಕೂ ಗೋಡೆ ಎಬ್ಬಿಸಿದೆ. ಗೋಪುರ ಮುಗಿಯುವಾಗ ಹನ್ನೆರಡೂವರೆ. ಎರಡೂ ಕುದುರೆ ಬಾಗಿಲ ಮುಂದೆ ನಿಂತಿವೆ. ಸೇತುವೆಯನ್ನು ಎತ್ತುವ ಸರಪಳಿಗಳಲ್ಲಿ ಒಂದು ಮಾತ್ರ ಇಲ್ಲ. ಇಡೀ ಹದಿನಾಲ್ಕು ಕಿಲೋದಲ್ಲಿ ಎಲ್ಲೂ ಸಿಗಲಿಲ್ಲ. ಯಾರ ಹತ್ತಿರವಾದರೂ ಹೆಚ್ಚಿಗೆ ಇದ್ದರೆ ಹೇಳಿ. ಉಳಿದ ಒಂದು ಪಾಲು ಅದಕ್ಕೆ ಎತ್ತಿಟ್ಟಿದ್ದೇನೆ.

ಎರಡನೇಕೈ:

ಗೊಂಬೆ ಇಲ್ಲದ ಆ ಐದು ಕಿಲೋದಲ್ಲಿ ನನಗೆ ಎರಡು ಸರಪಳಿ ಸಿಕ್ಕಿದ್ದವು. ಒಂದರ ತುದಿಯ ಕೊಂಡಿ ಸ್ವಲ್ಪ ಸೀಳಿದೆ, ಇನ್ನೊಂದು ಸರಿಯಾಗಿದೆ. ಎರಡರ ಫೋಟೋವನ್ನೂ ಹಗಲು ಬೆಳಕಿನಲ್ಲಿ ತೆಗೆದು ಕಳಿಸುತ್ತೇನೆ. ದುಡ್ಡು ಬೇಡ. ನಿಮ್ಮ ಹತ್ತಿರ ಮಾರಾಟವಾಗದೆ ಉಳಿದ ಗೊಂಬೆ ಒಂದಿದ್ದರೆ, ಎಷ್ಟು ಸವೆದಿದ್ದರೂ ಪರವಾಗಿಲ್ಲ, ಮಗಳಿಗೆ ಕಳಿಸಿ.